ಗ್ಲಾಸಿಗಿಂತ ಮೊದಲು ತಟ್ಟೆ ನೋಡಿ

ಬೆಂಗಳೂರಿನ ಯಾವ ಬಾರು ಚೆನ್ನಾಗಿದೆ ಎಂದು ಕೇಳಿದವರಿಗೆ ನಾನು ಹೇಳುವುದು ಅಡುಗೆಮನೆಯ ಮಾತು. ಬಾಟಲಿಯೊಳಗಿನದು ಎಲ್ಲ ಕಡೆ ಒಂದೇ, ಅದೇ ಕಂಪನಿಯದು. ಒಂದು ಬಾರನ್ನು ಇನ್ನೊಂದರಿಂದ ಬೇರೆ ಮಾಡುವುದು ಒಳಗೆ ಬಾಣಲೆ ಮುಂದೆ ನಿಂತವರ ಕೈ.

ಗಾಂಧಿನಗರದ ಕಡೆಯ ಹಳೇ ಬಾರ್ ಅಂಡ್ ರೆಸ್ಟೋರೆಂಟ್‌ಗಳಿಂದಲೇ ಶುರು ಮಾಡಿ. ಮಂದ ಬೆಳಕು, ರೆಕ್ಸಿನ್ ಸೀಟು ನೋಡಿ ಹೊಸಬರು ಬಾಗಿಲಲ್ಲೇ ಹಿಂಜರಿಯುತ್ತಾರೆ. ಒಳಗೆ ಹೋಗುವ ಮೊದಲು ಎರಡು ನಿಮಿಷ ಪಾರ್ಸೆಲ್ ಕೌಂಟರ್ ಹತ್ತಿರ ನಿಲ್ಲಿ. ಕುಡಿಯದವರೂ ಬಂದು ಕಬಾಬ್ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತಿದ್ದರೆ ಆ ಅಡುಗೆಮನೆಯನ್ನು ನಂಬಬಹುದು. ನನಗೆ ಇದಕ್ಕಿಂತ ಒಳ್ಳೆಯ ಗುರುತು ಇದುವರೆಗೆ ಸಿಕ್ಕಿಲ್ಲ.

ಮೊದಲ ಪರೀಕ್ಷೆ ಪೀನಟ್ ಮಸಾಲದ್ದು. ಕರಿದ ಕಡಲೆಬೀಜ, ಹೆಚ್ಚಿದ ಈರುಳ್ಳಿ, ಟೊಮೆಟೊ, ಹಸಿಮೆಣಸು, ಕೊತ್ತಂಬರಿ ಸೊಪ್ಪು, ಖಾರದ ಪುಡಿ, ನಿಂಬೆರಸ, ಇಷ್ಟೇ. ಆದರೆ ಇಷ್ಟರಲ್ಲೇ ಬಾರಿನ ಬಂಡವಾಳ ಗೊತ್ತಾಗಿಬಿಡುತ್ತದೆ. ಬೀಜ ಇನ್ನೂ ಬೆಚ್ಚಗಿರಬೇಕು, ಕಚ್ಚಿದರೆ ಕಟ್ಟೆನ್ನಬೇಕು. ತಟ್ಟೆಯ ಅಂಚಿನಲ್ಲಿ ಟೊಮೆಟೊ ನೀರು ನಿಂತಿದ್ದರೆ, ಅದನ್ನು ಯಾವಾಗಲೋ ಕಲೆಸಿಟ್ಟಿದ್ದಾರೆ ಎಂದರ್ಥ. ಹತ್ತು ನಿಮಿಷದ ಈ ಕೆಲಸಕ್ಕೆ ಸೋಮಾರಿತನ ಮಾಡಿದವರು ಮಿಕ್ಕ ಅಡುಗೆಯನ್ನು ಮನಸ್ಸಿಟ್ಟು ಮಾಡುತ್ತಾರೆಯೇ?

ಎರಡನೆಯದು ಚಿಕನ್ ಕಬಾಬ್. ನಮ್ಮೂರಲ್ಲಿ ಕಬಾಬ್ ಎಂದರೆ ಕೆಂಡದ ಮೇಲೆ ಸುಟ್ಟದ್ದಲ್ಲ, ಎಣ್ಣೆಯಲ್ಲಿ ಕರಿದದ್ದು. ಶುಂಠಿ–ಬೆಳ್ಳುಳ್ಳಿ, ಖಾರದ ಪುಡಿ, ನಿಂಬೆ, ಮೊಟ್ಟೆ, ಕಾರ್ನ್‌ಫ್ಲೋರ್ ಹಚ್ಚಿ ನೆನೆಸಿಟ್ಟು ಕರಿದು, ಮೇಲೆ ಕರಿಬೇವು ಉದುರಿಸುತ್ತಾರೆ. ಮೂಳೆಯ ಹತ್ತಿರ ಮುರಿದು ನೋಡಿ. ಹಬೆ ಎದ್ದು ಮಾಂಸ ರಸ ಬಿಟ್ಟರೆ ಆಗತಾನೇ ಕರಿದದ್ದು. ಒಣಗಿ ನಾರಾಗಿದ್ದರೆ ಮಧ್ಯಾಹ್ನದ್ದನ್ನೇ ಇನ್ನೊಮ್ಮೆ ಎಣ್ಣೆಗೆ ಬಿಟ್ಟಿದ್ದಾರೆ. ಬಣ್ಣಕ್ಕೆ ಮರುಳಾಗಬೇಡಿ. ಕರ್ನಾಟಕ ಸರ್ಕಾರ 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿಗೆ, ಜೂನ್‌ನಲ್ಲಿ ಕಬಾಬಿಗೆ ಕೃತಕ ಬಣ್ಣ ಹಾಕುವುದನ್ನು ನಿಷೇಧಿಸಿತು. ಬರೀ ಬ್ಯಾಡಗಿ ಮೆಣಸಿನಿಂದ ಬರುವುದು ಇಟ್ಟಿಗೆ ಬಣ್ಣದ ಕೆಂಪು. ಬೆರಳಿಗೆ ಅಂಟಿ ತೊಳೆದರೂ ಹೋಗದ ಕೆಂಪು ಕಂಡರೆ ತಟ್ಟೆ ಪಕ್ಕಕ್ಕಿಡಿ.

ಇನ್ನು ಗ್ಲಾಸಿನ ವಿಷಯ. ಬೀರಿನ ಕಹಿ ಮತ್ತು ಗ್ಯಾಸು ನಾಲಿಗೆಗೆ ಹತ್ತಿದ ಎಣ್ಣೆಯನ್ನು ತೊಳೆಯುತ್ತವೆ, ಮುಂದಿನ ತುತ್ತು ಮತ್ತೆ ಮೊದಲ ತುತ್ತಿನಂತೆ ರುಚಿಸುತ್ತದೆ. ಕರಿದದ್ದಕ್ಕೂ ಬೀರಿಗೂ ಜೋಡಿ ಬಿದ್ದಿರುವುದು ಅದಕ್ಕೇ. ಆಂಧ್ರ ಶೈಲಿಯ ಹಸಿಮೆಣಸಿನ ಚಿಲ್ಲಿ ಚಿಕನ್ ಜೊತೆ ಮಾತ್ರ ನೀರು ಬೆರೆಸದ ವಿಸ್ಕಿ, ರಮ್ ಬೇಡ. ಉರಿ ಇಮ್ಮಡಿಯಾಗಿ ರುಚಿಯೇ ತಿಳಿಯುವುದಿಲ್ಲ. ಕುಡಿಯದವರು ಫ್ರೆಶ್ ಲೈಮ್ ಸೋಡಾ ಹೇಳಿ ಧೈರ್ಯವಾಗಿ ಕೂರಬಹುದು, ಅದೂ ಇದೇ ಕೆಲಸ ಮಾಡುತ್ತದೆ.

ನಾಲಿಗೆ ಇಷ್ಟು ಪಳಗಿದ ಮೇಲೆ ದಂಡು ಪ್ರದೇಶದ ಕಡೆ ಹೋಗಿ. ಸೇಂಟ್ ಮಾರ್ಕ್ಸ್ ರಸ್ತೆಯ ಕೋಶೀಸ್ 1940ರಲ್ಲಿ ಬೇಕರಿಯಾಗಿ ಶುರುವಾದದ್ದು. ಒಂದು ಬೀರು ಮುಂದಿಟ್ಟುಕೊಂಡು ಎರಡು ಗಂಟೆ ಹರಟಿದರೂ ಅಲ್ಲಿ ಏಳಿ ಎನ್ನುವವರಿಲ್ಲ. ಆ ಬಿಡುವೇ ಅಲ್ಲಿನ ದೊಡ್ಡ ರುಚಿ ಎಂದು ನನ್ನ ಅನಿಸಿಕೆ. ರೆಸ್ಟ್ ಹೌಸ್ ರಸ್ತೆಯ ಪೆಕೋಸ್ 1989ರದು. ಇಕ್ಕಟ್ಟಾದ ಮೆಟ್ಟಿಲು, ಗೋಡೆ ತುಂಬ ರಾಕ್ ಪೋಸ್ಟರು, ಮಗ್ಗಿನಲ್ಲಿ ಡ್ರಾಟ್ ಬೀರು. ಇಂದಿರಾನಗರದ ಟಾಯ್ಟ್ 2010ರಲ್ಲಿ ಬಂತು. ಬೀರನ್ನು ಅಲ್ಲೇ ತಯಾರಿಸುತ್ತಾರೆ, ಬಾಸ್ಮತಿ ಅಕ್ಕಿ ಹಾಕಿದ್ದೂ ಒಂದಿದೆ. ಇಂಥ ಕಡೆ ಬೆಲ್ಜಿಯನ್ ಶೈಲಿಯ ಗೋಧಿ ಬೀರು ಸಿಕ್ಕರೆ ಗಮನವಿಟ್ಟು ಮೂಸಿ ನೋಡಿ. ಅದಕ್ಕೆ ಕಿತ್ತಳೆ ಸಿಪ್ಪೆಯ ಜೊತೆ ಹಾಕುವುದು ನಮ್ಮ ಸಾರಿನ ಪುಡಿಯ ಅದೇ ಕೊತ್ತಂಬರಿ ಬೀಜ. ಮಸಾಲೆ ತಿಂಡಿಯ ಪಕ್ಕದಲ್ಲಿ ಅದು ಮನೆಯವರಂತೆ ಕೂರುತ್ತದೆ.

ಎಲ್ಲೇ ಹೋದರೂ ಒಂದೇ ಸಲಕ್ಕೆ ನಾಲ್ಕು ಪ್ಲೇಟು ಹೇಳಬೇಡಿ, ಮೂರು ಆರಿಹೋಗುತ್ತವೆ. ಸಪ್ಲೈಯರ್ ಹತ್ತಿರ ಬಂದಾಗ ಮೆನು ಮಡಚಿಟ್ಟು, “ಅಣ್ಣ, ಇವತ್ತು ಏನು ಚೆನ್ನಾಗಿದೆ?” ಎಂದು ಕೇಳಿ. ಪೆಪ್ಪರ್ ಡ್ರೈಗೆ ಹೊಸ ಮೆಣಸು ಬಿದ್ದಿದೆಯೋ, ಲಿವರ್ ಬೆಳಗ್ಗೆ ಬಂದದ್ದೋ ಎಂಬುದು ಅವರಿಗೆ ಗೊತ್ತು. ಮರ್ಯಾದೆಯಿಂದ ಕೇಳಿದವರಿಗೆ ಅವರು ಸುಳ್ಳು ಹೇಳಿದ್ದನ್ನು ನಾನು ಕಂಡಿಲ್ಲ. ಏಳುವಾಗ ಅವರ ಕೈಗೆ ಟಿಪ್ಸ್ ಕೊಡುವುದನ್ನು ಮರೆಯಬೇಡಿ.

ಮೊದಲ ಸಲಕ್ಕೆ ವಾರದ ನಡುವಿನ ದಿನ, ಸಂಜೆ ಏಳರೊಳಗೆ ಹೋಗಿ. ಆಗ ಎಣ್ಣೆ ಹೊಸದು, ಅಡುಗೆಯವರಿಗೂ ಬಿಡುವಿರುತ್ತದೆ. ಗಾಡಿಯನ್ನು ಮನೆಯಲ್ಲೇ ಬಿಡಿ. ಮೆಜೆಸ್ಟಿಕ್, ಎಂ.ಜಿ. ರಸ್ತೆ, ಇಂದಿರಾನಗರ ಮೂರೂ ಮೆಟ್ರೊದ ನೇರಳೆ ಮಾರ್ಗದಲ್ಲೇ ಇವೆ.