ಲಂಟಾನದ ಮೈ, ದೇವಾಲದ ಆನೆ

2024ರ ಫೆಬ್ರುವರಿಯಲ್ಲಿ ಲಾಲ್‌ಬಾಗ್‌ನಲ್ಲಿ ಬೀಡುಬಿಟ್ಟಿದ್ದ ಆನೆಗಳ ಹಿಂಡನ್ನು ಬೆಂಗಳೂರಿನ ಬಹಳ ಮಂದಿ ನೋಡಿದ್ದಾರೆ. ಅವುಗಳ ಪಕ್ಕ ನಿಂತು ಫೋಟೊ ತೆಗೆಸಿಕೊಂಡವರಿಗೆ ಅವು ಲಂಟಾನದ ಕೋಲಿನಿಂದ ಆದವು ಎಂಬುದೂ ತಿಳಿದಿರುತ್ತದೆ. ಆದರೆ ಅಲ್ಲಿದ್ದ ಒಂದೊಂದು ಆನೆಯೂ ನೀಲಗಿರಿಯ ಗೂಡಲೂರು ಸೀಮೆಯಲ್ಲಿ ನಿಜವಾಗಿ ಓಡಾಡುವ ಒಂದೊಂದು ಆನೆಯ ಪಡಿಯಚ್ಚು ಎಂಬುದನ್ನು ಎಷ್ಟು ಜನ ಗಮನಿಸಿದರೋ ಕಾಣೆ. ನನ್ನ ಮಟ್ಟಿಗೆ ಈ ಕೆಲಸದ ಹೆಚ್ಚುಗಾರಿಕೆ ಇರುವುದು ಅಲ್ಲಿ.

ಇವುಗಳನ್ನು ಮಾಡಿದವರು ಗೂಡಲೂರಿನ ‘ದಿ ರಿಯಲ್ ಎಲಿಫೆಂಟ್ ಕಲೆಕ್ಟಿವ್’ ಜೊತೆಗಿರುವ ಬೆಟ್ಟಕುರುಂಬ, ಪಣಿಯ, ಕಾಟ್ಟುನಾಯ್ಕ, ಸೋಲಿಗ ಕುಶಲಕರ್ಮಿಗಳು. ಕಾಡಿನಿಂದ ಲಂಟಾನದ ಕಾಂಡ ಕಡಿದು ತಂದು, ದೊಡ್ಡ ಪಾತ್ರೆಗಳಲ್ಲಿ ಬೇಯಿಸಿ, ಸಿಪ್ಪೆ ಸುಲಿದು, ಬಿಸಿ ಆರುವ ಮೊದಲೇ ಕಬ್ಬಿಣದ ಸರಳಿನ ಚೌಕಟ್ಟಿಗೆ ಬಗ್ಗಿಸಿ ಮೊಳೆ ಹೊಡೆಯುತ್ತಾರೆ. ಆರಿದರೆ ಕೋಲು ಮಾತು ಕೇಳುವುದಿಲ್ಲ. ಹತ್ತಿರ ಹೋಗಿ ನೋಡಿದರೆ ಕೈಚಳಕ ಕಾಣುತ್ತದೆ: ಭುಜದ ಮೇಲೆ ಕೋಲುಗಳು ಮಾಂಸಖಂಡ ಹರಿದ ದಿಕ್ಕಿಗೇ ಹರಿದಿವೆ, ಮಂಡಿಯ ಬಳಿ ಚರ್ಮದ ಮಡಿಕೆಯಂತೆ ಒಂದರ ಮೇಲೊಂದು ಒತ್ತಿಕೊಂಡಿವೆ, ಕಣ್ಣಿನ ಸುತ್ತ ಸಣ್ಣ ಕಡ್ಡಿಗಳು ಸುಳಿ ಸುತ್ತಿವೆ. ಕೋಲು ಕೋಲಿನ ನಡುವೆ ಸಂದು ಉಳಿದಿರುವುದರಿಂದ ಆನೆಯ ಮೈಯೊಳಗೆ ಬೆಳಕು ಹಾಯುತ್ತದೆ. ಸಿಮೆಂಟಿನಲ್ಲೋ ಫೈಬರ್‌ನಲ್ಲೋ ಮಾಡಿದ ಆನೆಗೆ ಈ ಉಸಿರಾಟ ಬರುವುದಿಲ್ಲ.

ಲಂಟಾನ ಅಮೆರಿಕ ಖಂಡದ ಉಷ್ಣವಲಯದ ಗಿಡ. ಹತ್ತೊಂಬತ್ತನೇ ಶತಮಾನದ ಆರಂಭದಲ್ಲಿ ಹೂವಿನ ಅಂದಕ್ಕೆಂದು ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂತು. ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದವು. 2020ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ದೇಶದ ಹುಲಿ ಕಾಡುಗಳ ಸುಮಾರು ಶೇ 40ರಷ್ಟು ಪ್ರದೇಶ ಅದರ ಕೈಗೆ ಸಿಕ್ಕಿದೆ, ಇಲ್ಲವೇ ಸಿಗುವ ಅಪಾಯದಲ್ಲಿದೆ. ದನ ತಿಂದರೆ ವಿಷ, ಕಿತ್ತರೆ ಮತ್ತೆ ಚಿಗುರು. ಹೀಗಾಗಿ ಲಂಟಾನ ಎಂದೊಡನೆ ನಮ್ಮ ಬಾಯಿಗೆ ಬರುವುದು ‘ನಾಶಮಾಡಬೇಕು’ ಎಂಬ ಒಂದೇ ಮಾತು. ಅದನ್ನು ಒಂದು ಸಾಮಗ್ರಿ ಎಂದು ನೋಡಲು ಬೇರೆಯೇ ಕಣ್ಣು ಬೇಕಿತ್ತು. ಮಲೆ ಮಹದೇಶ್ವರ ಬೆಟ್ಟದಲ್ಲಿ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಜೊತೆ ಸೋಲಿಗರು ಎರಡು ದಶಕಗಳ ಹಿಂದೆಯೇ ಲಂಟಾನದಿಂದ ಕುರ್ಚಿ, ಬುಟ್ಟಿ ಮಾಡತೊಡಗಿದ್ದರು. ಗೂಡಲೂರಿನ ಆನೆಗಳು ಆ ದಾರಿಯಲ್ಲೇ ಮುಂದೆ ಹೋದವು. ಆದ್ದರಿಂದ ಇದನ್ನು ಯಾರೋ ಒಬ್ಬರಿಗೆ ತಟ್ಟನೆ ಹೊಳೆದದ್ದು ಎಂದು ಬಣ್ಣಿಸುವುದು ತಪ್ಪು. ಬಿದಿರು, ಬಳ್ಳಿಗಳನ್ನು ಬಗ್ಗಿಸಿ ಪಳಗಿದ ಕೈಗಳು ಹೊಸ ಕೋಲಿಗೂ ಹೊಂದಿಕೊಂಡವು. ಹಳೆಯ ಎಣಿಕೆಯನ್ನು ಬಿಟ್ಟುಕೊಡಿ, ಸೃಜನಶೀಲರಾಗಿ ಎಂದು ಈಗ ಕಂಪನಿಗಳ ಕಾರ್ಯಾಗಾರಗಳಲ್ಲಿ ಹೇಳಿಕೊಡುತ್ತಾರೆ. ಬಿಟ್ಟ ಎಣಿಕೆಯ ಜಾಗದಲ್ಲಿ ಬಂದು ಕೂರುವ ಬೇರೊಂದು ತಿಳಿವಳಿಕೆ ಇರಬೇಕಲ್ಲ, ಅದರ ಮಾತು ಅಲ್ಲಿ ಕೇಳಿಬರುವುದು ಕಡಿಮೆ.

ಆನೆಯ ವಿಷಯದಲ್ಲೂ ಹೀಗೆಯೇ. ಆನೆ ಎಂದರೆ ಕಾಡು, ಜನ ಎಂದರೆ ಊರು, ನಡುವೆ ಗೆರೆ ಎಳೆದರೆ ಸಮಸ್ಯೆ ಮುಗಿಯಿತು ಎಂಬುದು ಗಟ್ಟಿಯಾಗಿ ಕೂತ ನಂಬಿಕೆ. ಗೂಡಲೂರು, ಅದರ ಅಕ್ಕಪಕ್ಕದ ಪಂದಲೂರು, ದೇವಾಲದಲ್ಲಿ ಆ ಗೆರೆ ಎಳೆಯುವುದಾದರೂ ಎಲ್ಲಿ? ಟೀ ತೋಟ, ಕಾಡಿನ ತುಂಡು, ಗದ್ದೆ, ಕೂಲಿ ಲೈನು, ಪೇಟೆ ಎಲ್ಲ ಒಂದರೊಳಗೊಂದು ಸೇರಿಕೊಂಡಿವೆ. ಬೆಳಿಗ್ಗೆ ಎಲೆ ಕೊಯ್ಯಲು ಹೊರಟವರು ಆನೆ ಎಲ್ಲಿದೆ ಎಂದು ವಿಚಾರಿಸಿಕೊಂಡೇ ಹೊರಡಬೇಕು.

ಇದೇ ದೇವಾಲದ ಸುತ್ತಮುತ್ತ 2022ರಲ್ಲಿ ಒಂದು ಕೋರೆಯಿಲ್ಲದ ಗಂಡಾನೆ, ಅಂದರೆ ಮಖ್ನಾ, ಅಕ್ಕಿಯ ಆಸೆಗೆ ಮನೆಗಳನ್ನು ಒಡೆಯತೊಡಗಿತು. ಅರಣ್ಯ ಇಲಾಖೆ ಇಟ್ಟ ಗುರುತು ಪಿಎಂ-2, ಎಂದರೆ ಪಂದಲೂರು ಮಖ್ನಾ. ಜನ ಕರೆದದ್ದು ಅರಿಸಿರಾಜ, ಅಂದರೆ ಅಕ್ಕಿರಾಜ ಎಂದು. ನವೆಂಬರ್‌ನಲ್ಲಿ ಒಬ್ಬ ಮಹಿಳೆಯ ಜೀವ ಹೋಯಿತು. ಡಿಸೆಂಬರ್‌ನಲ್ಲಿ ಅರಿವಳಿಕೆ ಮದ್ದು ಹಾರಿಸಿ ಹಿಡಿದು ಮುದುಮಲೆಯ ಕಾಡಿಗೆ ಬಿಟ್ಟರು. ಕಾಡಿನ ಪ್ರಾಣಿ ಕಾಡಿಗೆ ಸೇರಿತು ಎಂದುಕೊಂಡದ್ದೇ ಬಂತು. 2023ರ ಜನವರಿಯ ಮೊದಲ ವಾರದಲ್ಲಿ ಅದು ಗಡಿ ದಾಟಿ ಕೇರಳದ ಸುಲ್ತಾನ್ ಬತ್ತೇರಿ ಪೇಟೆಯ ರಸ್ತೆಯಲ್ಲಿ ನಡೆಯುತ್ತಿತ್ತು. ಕೆಲವೇ ದಿನಗಳಲ್ಲಿ ಕೇರಳದವರು ಅದನ್ನು ಹಿಡಿದು ಮುತ್ತಂಗದ ಆನೆಶಿಬಿರಕ್ಕೆ ಒಯ್ದರು. ಮನೆಯಲ್ಲಿಟ್ಟ ಅಕ್ಕಿಯ ರುಚಿ ಕಂಡ ಒಂದು ಆನೆಯನ್ನು ಬರೀ ‘ಆನೆ’ ಎಂದು ಎಣಿಸಿ ಜಾಗ ಬದಲಿಸಿದ್ದರ ಫಲ ಇದು. ಯಾವ ಆನೆ, ಅದರ ಅಭ್ಯಾಸವೇನು, ಯಾವ ಹೊತ್ತಿಗೆ ಯಾವ ದಾರಿ ಹಿಡಿಯುತ್ತದೆ ಎಂದು ಕೇಳುವವರಿಗೆ ಮಾತ್ರ ಆ ಸೀಮೆಯಲ್ಲಿ ಬಾಳುವೆ ಸಾಧ್ಯ. ಲಂಟಾನದ ಆನೆಗಳು ಆ ಕೇಳುವಿಕೆಯಿಂದ ಹುಟ್ಟಿದವು. ಒಂದರ ಕಿವಿಯ ಅಂಚು ಇನ್ನೊಂದಕ್ಕಿಲ್ಲ, ಒಂದರ ಬೆನ್ನಿನ ಇಳಿಜಾರು ಇನ್ನೊಂದಕ್ಕಿಲ್ಲ. ಈ ಶಿಲ್ಪಗಳನ್ನು ಅಲಂಕಾರದ ಸಾಮಾನುಗಳಿಂದ ಬೇರೆ ಮಾಡಿ ಕಲೆಯ ಸಾಲಿಗೆ ಸೇರಿಸುವುದು ಈ ವ್ಯತ್ಯಾಸವೇ.

ಹೀಗೆ ಕೇಳಿ ತಿಳಿಯುವುದಕ್ಕೆ ತದ್ವಿರುದ್ಧವಾದ ಒಂದು ಚರಿತ್ರೆಯೂ ದೇವಾಲಕ್ಕಿದೆ. ಆಸ್ಟ್ರೇಲಿಯದ ವಿಕ್ಟೋರಿಯದಲ್ಲಿ ಗಣಿ ಆಡಳಿತ ನಡೆಸಿ ಬಂದಿದ್ದ ಬ್ರೋ ಸ್ಮಿತ್ 1879ರಲ್ಲಿ ಇಲ್ಲಿನ ಬಿಳಿಗಲ್ಲಿನ ಚಿನ್ನದ ಪದರುಗಳ ಬಗ್ಗೆ ಭರವಸೆಯ ವರದಿ ಕೊಟ್ಟ. ಕುರುಂಬರು, ಪಣಿಯರು ಹೊಳೆಯ ಮಣ್ಣು ತೊಳೆದು ಚೂರುಪಾರು ಚಿನ್ನ ತೆಗೆಯುತ್ತಿದ್ದ ಸೀಮೆ ಇದು. ಲಂಡನ್ನಿನಲ್ಲಿ ಎರಡು ವರ್ಷವೂ ತುಂಬುವ ಮೊದಲು ಮೂವತ್ತಕ್ಕೂ ಹೆಚ್ಚು ಕಂಪನಿಗಳು 40 ಲಕ್ಷ ಪೌಂಡಿನಷ್ಟು ಬಂಡವಾಳ ಘೋಷಿಸಿ ಹುಟ್ಟಿಕೊಂಡವು. ದೇವಾಲ, ಪಂದಲೂರುಗಳಲ್ಲಿ ಬಂಗಲೆ ಎದ್ದವು, ಯಂತ್ರಗಳು ಘಟ್ಟ ಹತ್ತಿದವು. ಕಲ್ಲು ಅರೆದಾಗ ಖರ್ಚು ಹುಟ್ಟುವಷ್ಟು ಚಿನ್ನವೂ ಸಿಗಲಿಲ್ಲ. ಬೇರೆಲ್ಲೋ ಕಂಡದ್ದು ಇಲ್ಲೂ ಇರಲೇಬೇಕು ಎಂಬ ಎಣಿಕೆ ಯಂತ್ರಗಳಿಗಿಂತ ಮೊದಲೇ ಬಂದು ತಳವೂರಿತ್ತು. ನೆಲದ ಮಾತು ಕೇಳುವವರು ಯಾರೂ ಇರಲಿಲ್ಲ.

ಇಷ್ಟು ಮೆಚ್ಚಿದ ಮೇಲೆ ನನ್ನ ತಕರಾರುಗಳನ್ನೂ ಹೇಳಬೇಕು. ಈ ಆನೆಗಳು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು, 2024ರಲ್ಲಿ ಅಮೆರಿಕದ ನ್ಯೂಪೋರ್ಟ್, ನ್ಯೂಯಾರ್ಕ್ ತಲುಪಿದವು. ಹಣ ಬಂತು, ನೂರಾರು ಮನೆಗಳಿಗೆ ಕೂಲಿಗಿಂತ ಮೇಲಾದ ದುಡಿಮೆ ಬಂತು. ಇದನ್ನು ಹಗುರವಾಗಿ ಕಾಣಲಾರೆ. ಆದರೆ ಪತ್ರಿಕೆಗಳ ವರದಿಗಳಲ್ಲಿ ಆನೆಗಳಿಗೆ ಸಿಕ್ಕ ವ್ಯಕ್ತಿತ್ವ ಅವನ್ನು ಕಟ್ಟಿದವರಿಗೆ ಸಿಗಲಿಲ್ಲ. ಅವರು ಬಹುಪಾಲು ‘ಆದಿವಾಸಿ ಸಮುದಾಯದವರು’ ಎಂಬ ಒಂದೇ ಗುಂಪುಪದದಲ್ಲಿ ಮುಗಿದುಹೋಗುತ್ತಾರೆ. ಕಾಡಿನವರು ಕೈಕೆಲಸಕ್ಕೆ, ಯೋಚನೆ ಬೇರೆಯವರದು ಎಂಬ ಹಳೆಯ ಎಣಿಕೆ ಇಲ್ಲಿ ಸದ್ದಿಲ್ಲದೆ ಉಳಿದುಕೊಂಡಿದೆ. ಚೆನ್ನೈ ಬಳಿಯ ಚೋಳಮಂಡಲ ಕಲಾಗ್ರಾಮದ ಶಿಲ್ಪಿಯೊಬ್ಬನ ಕೃತಿಯನ್ನು ಹೆಸರಿಲ್ಲದೆ ನಾವು ತೋರಿಸುತ್ತೇವೆಯೇ?

ಇನ್ನೊಂದು ತಕರಾರು, ಶಿಲ್ಪ ಮಾಡಿದರೆ ಲಂಟಾನ ಕಡಿಮೆಯಾಗುತ್ತದೆ ಎಂದು ನೋಡುಗರು ನಂಬಿಕೊಂಡು ಹೋಗುವುದು. ಕುಶಲಕರ್ಮಿಗೆ ಬೇಕಾದದ್ದು ನೇರವಾದ, ಬಲಿತ ಕೋಲು. ಬುಡ ಕೀಳದೆ ಕೋಲಷ್ಟೇ ಕಡಿದರೆ ಪೊದೆ ಮತ್ತೆ ಏಳುತ್ತದೆ. ಲಕ್ಷಾಂತರ ಎಕರೆಗೆ ಹಬ್ಬಿದ ಗಿಡಕ್ಕೆ ನೂರಿನ್ನೂರು ಆನೆಗಳು ಉತ್ತರವಾಗಲಾರವು. ಈ ಪ್ರಶ್ನೆಗೆ ಹೆಚ್ಚು ಆಳದ ಮಾತು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಬಳಿ ಇದೆ. ಬೇಸಿಗೆ ಮೊದಲಾಗುವಾಗ ಒಣಗಿದ ಎಲೆ, ಹುಲ್ಲನ್ನಷ್ಟೇ ಸುಡುವಂತೆ ಅವರು ಹಾಕುತ್ತಿದ್ದ ಸಣ್ಣ ಬೆಂಕಿಗೆ ‘ತರಗು ಬೆಂಕಿ’ ಎನ್ನುತ್ತಾರೆ. ಲಂಟಾನದ ಎಳೆಸಸಿಗಳು ಅದರಲ್ಲಿ ಸುಟ್ಟುಹೋಗುತ್ತಿದ್ದವು, ದೊಡ್ಡ ಮರಗಳಿಗೆ ತೊಂದರೆಯಿರಲಿಲ್ಲ ಎಂಬುದು ಅವರ ಅನುಭವ. 1974ರಲ್ಲಿ ಬೆಟ್ಟ ಅಭಯಾರಣ್ಯವಾದ ಮೇಲೆ ಆ ಬೆಂಕಿ ನಿಂತಿತು, ಲಂಟಾನ ಮೇಲೆದ್ದಿತು. ಸಂಶೋಧಕರು ಈ ತಿಳಿವಳಿಕೆಯನ್ನು ಅವರಿಂದ ಕೇಳಿ ದಾಖಲಿಸಿಯೂ ಆಗಿದೆ. ಬೆಂಕಿ ಎಂದರೆ ಕಾಡಿನ ವೈರಿ ಎಂಬ ಎಣಿಕೆಯನ್ನು ಮಾತ್ರ ಇಲಾಖೆಯ ಕಾನೂನು ಇನ್ನೂ ಗಟ್ಟಿಯಾಗಿ ಹಿಡಿದಿದೆ. ಲಂಟಾನದಿಂದ ಆನೆ ಕಟ್ಟುವ ಸೋಲಿಗರ ಕೈಯನ್ನು ಲಾಲ್‌ಬಾಗ್‌ನಲ್ಲಿ ಹೊಗಳುವ ನಾವು, ಅದೇ ಲಂಟಾನದ ಬಗ್ಗೆ ಸೋಲಿಗರು ಹೇಳುವ ಮಾತನ್ನು ಕಾಡಿನ ಕೆಲಸದ ಯೋಜನೆ ಬರೆಯುವ ಮೇಜಿಗೂ ಕರೆದುಕೊಂಡು ಹೋಗಬೇಕು. ಹಾಗೆಯೇ ಮುಂದಿನ ಪ್ರದರ್ಶನವೊಂದು ದೇವಾಲ ಪೇಟೆಯಲ್ಲೇ ನಡೆಯಲಿ. ಎಲೆ ಕೊಯ್ಯುವ ಹೆಂಗಸರು ಬಂದು, ಇದು ನಮ್ಮ ಲೈನಿನ ಹಿಂದೆ ಬರುವ ಆನೆ ಹೌದೋ ಅಲ್ಲವೋ, ಕಿವಿ ಸರಿ ಕೂತಿದೆಯೋ ಇಲ್ಲವೋ ಎಂದು ತೀರ್ಪು ಕೊಡಲಿ. ಅವರಷ್ಟು ಬಲ್ಲ ವಿಮರ್ಶಕರು ಈ ಕೃತಿಗಳಿಗೆ ನ್ಯೂಯಾರ್ಕಿನಲ್ಲಿ ಸಿಗುವುದಿಲ್ಲ.