ಮುದ್ದೇಬಿಹಾಳ ಹಿಡಿಸದ ಕಾಲಂ

ಹತ್ತು ಅಕ್ಷರದ ಮಿತಿ ಹಾಕಿದ ಡೇಟಾಬೇಸ್ ಕಾಲಂಗೆ ವಿಜಯಪುರ ಜಿಲ್ಲೆಯ ತಾಲ್ಲೂಕುಗಳ ಹೆಸರು ತುಂಬಿ ನೋಡಿ. ಇಂಡಿ ಸಲೀಸು, ಯುನಿಕೋಡ್ ಲೆಕ್ಕದಲ್ಲಿ 4. ಸಿಂದಗಿ 6. ಮುದ್ದೇಬಿಹಾಳ ಕಣ್ಣಿಗೆ ಐದೇ ಅಕ್ಷರ. ಗುಣಿತ, ಒತ್ತು ಬಿಡಿಸಿ ಎಣಿಸಿದರೆ 11! ಎಸ್‌ಕ್ಯುಲೈಟ್ ಚಕಾರವೆತ್ತದೆ ನುಂಗುತ್ತದೆ, ಉದ್ದದ ಮಿತಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಪೋಸ್ಟ್‌ಗ್ರೆಸ್ ಬಾಗಿಲಲ್ಲೇ ತಡೆಯುತ್ತದೆ. ಒಂದೇ ಡೇಟಾಬೇಸ್ ನಂಬಿ ಟೆಸ್ಟ್ ಪಾಸಾಯಿತೆಂದು ಬೀಗಿದವರು ಸಿಕ್ಕಿಬೀಳುವುದು ಇಲ್ಲೇ.

ಅದಕ್ಕೇ ಜಾಂಗೋ ಫ್ರೇಮ್‌ವರ್ಕಿನ ಪರೀಕ್ಷಾ ವ್ಯವಸ್ಥೆ ನನಗೆ ಅಚ್ಚುಮೆಚ್ಚು. ಅದರ ಜೊತೆ ಬರುವ ಪುಟ್ಟ ಸೆಟ್ಟಿಂಗ್ಸ್ ಫೈಲಿನಲ್ಲಿ ಎರಡು ಡೇಟಾಬೇಸ್: ‘ಡೀಫಾಲ್ಟ್’ ಮತ್ತು ‘ಅದರ್’. ಎರಡನೆಯದು ಅಲಂಕಾರಕ್ಕಲ್ಲ. 2010ರ 1.2 ಆವೃತ್ತಿಯಿಂದ ಜಾಂಗೋ ಹಲವು ಡೇಟಾಬೇಸ್‌ಗಳನ್ನು ಒಟ್ಟಿಗೆ ನಡೆಸುತ್ತದೆ. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ನುಸುಳಿಲ್ಲವೆಂದು ಸಾಬೀತಾಗಬೇಡವೇ? ಫೈಲು ಬದಲಿಸಿದರೆ ಅದೇ ಪರೀಕ್ಷೆಗಳು ಪೋಸ್ಟ್‌ಗ್ರೆಸ್, ಮೈಎಸ್‌ಕ್ಯುಎಲ್, ಮರಿಯಾಡಿಬಿ, ಒರಾಕಲ್ ಮೇಲೆ ಓಡುತ್ತವೆ.

ಇನ್ನೂ ಸೊಗಸು ಅದರ ಸಂಕೋಚ. ಅಸಲಿ ದತ್ತಾಂಶ ಮುಟ್ಟುವುದಿಲ್ಲ. ಹೆಸರಿನ ಮುಂದೆ ‘ಟೆಸ್ಟ್’ ಎಂದು ಸೇರಿಸಿ ಬೇರೆಯದೇ ಡೇಟಾಬೇಸ್ ಕಟ್ಟಿ, ಕೆಲಸ ಮುಗಿದ ಮೇಲೆ ಅಳಿಸಿಹಾಕುತ್ತದೆ. ಎಸ್‌ಕ್ಯುಲೈಟ್ ಆದರೆ ಮೆಮೊರಿಯಲ್ಲೇ ಹುಟ್ಟಿ ಅಲ್ಲೇ ಮಾಯ. ಮೊದಲೇ ಹೇಳದೆ ‘ಅದರ್’ ಕಡೆ ಕೈಚಾಚಿದ ಟೆಸ್ಟನ್ನು ಮುಲಾಜಿಲ್ಲದೆ ಫೇಲು ಮಾಡುತ್ತದೆ.

ಮುಂದಿನ ಸಲ ಟೆಸ್ಟ್ ಬರೆಯುವಾಗ ‘ಎಬಿಸಿ’ ಬಿಡಿ, ಬಸವನ ಬಾಗೇವಾಡಿ ಎಂದು ಬರೆಯಿರಿ. ನಡುವಿನ ಖಾಲಿ ಜಾಗ ಸೇರಿ 13.