ಸೂಜಿಗಿಂತ ಮೊದಲು ನೋಟ

ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಇರಲಿ, ಧಾರವಾಡದ ಸತ್ತೂರಿನ ಎಸ್‌ಡಿಎಂ ಆಸ್ಪತ್ರೆ ಇರಲಿ, ವಾರಕ್ಕೆ 3 ಸಲ ಡಯಾಲಿಸಿಸ್‌ಗೆ ಬರುವವರ ಫಿಸ್ಟುಲಾಕ್ಕೆ ವರ್ಷಕ್ಕೆ 300ಕ್ಕೂ ಹೆಚ್ಚು ಸೂಜಿ ಬೀಳುತ್ತವೆ. ಅಪಧಮನಿಯನ್ನು ಅಭಿಧಮನಿಗೆ ಜೋಡಿಸಿ ಮಾಡಿದ ಆ ನಾಳ ಕೆಟ್ಟರೆ ಮತ್ತೊಂದು ಸುಲಭಕ್ಕೆ ಸಿಗದು. ಅದಕ್ಕೇ ಅಲ್ಟ್ರಾಸೌಂಡ್ ಮುಖ್ಯ: ನಾಳದ ಅಗಲ 6 ಮಿ.ಮೀ. ಇದೆಯೇ, ನಿಮಿಷಕ್ಕೆ 600 ಮಿ.ಲೀ. ರಕ್ತ ಹರಿಯುತ್ತಿದೆಯೇ ಎಂದು ಅಳೆಯುತ್ತದೆ. ಎಲ್ಲಿ ಕಿರಿದಾಗಿದೆ ಎಂಬುದನ್ನು ಮುಚ್ಚಿಹೋಗುವ ಮೊದಲೇ ತೋರಿಸುತ್ತದೆ, ಅದೂ ವಿಕಿರಣವಿಲ್ಲದೆ.

ಪಳಗಿದ ಬೆರಳು ಸಾಲದೇ ಎನ್ನುವವರಿದ್ದಾರೆ. ಫಿಸ್ಟುಲಾದ ಕಂಪನ ಬೆರಳಿಗೆ ಸಿಗುತ್ತದೆ, ನಿಜ. ಆದರೆ ಆಳದ ನಾಳದಲ್ಲಿ, ದಪ್ಪ ತೋಳಿನಲ್ಲಿ ಬೆರಳು ಸೋಲುತ್ತದೆ. ಸೂಜಿ ತಪ್ಪಿ ತೋಳು ಬಾತರೆ ಆ ದಿನದ ಡಯಾಲಿಸಿಸ್ಸೇ ತಪ್ಪಬಹುದು. ಗದಗ, ಹಾವೇರಿಯಿಂದ ಬಸ್ಸು ಹಿಡಿದು ಬಂದವರಿಗೆ ಅದು ಸಣ್ಣ ನಷ್ಟವಲ್ಲ. ಅಲ್ಟ್ರಾಸೌಂಡ್ ಯಂತ್ರ ಇಡಬೇಕೆಂದರೆ 1994ರ ಭ್ರೂಣಲಿಂಗ ಪತ್ತೆ ತಡೆ ಕಾಯ್ದೆಯಡಿ ನೋಂದಣಿ ಕಡ್ಡಾಯ, ನಿಜ. ಆ ಕಾಗದಪತ್ರದ ಶ್ರಮ ಪಟ್ಟಾದರೂ ಪ್ರತಿ ಡಯಾಲಿಸಿಸ್ ಕೋಣೆಗೂ ಒಂದು ಪುಟ್ಟ ಯಂತ್ರ ಬರಲೇಬೇಕು.